ಅತ್ತೆ ಚರ್ಚಿನಲ್ಲಿ ನಿದ್ದೆ ಮಾಡುತ್ತಿದ್ದರು

ನಾನೀಗ ನಡೆಯುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಯಿಲೆಯ ಕಥೆ ಕೈಗೆ ಸಿಕ್ಕರೆ ಮೊದಲು ಕೊನೆಯ ಪುಟ ತಿರುಗಿಸಿ, ಈಕೆ ಸುಧಾರಿಸಿದಳೋ ಇಲ್ಲವೋ ಎಂದು ನೋಡುವವಳು ನಾನು. ನಿಮಗೆ ಆ ತೊಂದರೆ ಬೇಡ. ಸುಧಾರಿಸಿದ್ದೇನೆ. ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ಕಲಬುರಗಿಯ ಸಿಟಿ ಬಸ್ಸಿನಲ್ಲಿ ನಿಂತು ಕಂಡಕ್ಟರನ ಜೊತೆ ಜಗಳವನ್ನೂ ಆಡುತ್ತೇನೆ. ಸ್ಕ್ಯಾನಿಂಗಿನ ದೊಡ್ಡ ಕವರನ್ನು ತೊಡೆಯ ಮೇಲಿಟ್ಟುಕೊಂಡು ದವಾಖಾನೆಯ ಬೆಂಚಿನ ಮೇಲೆ ಕೂತು ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ಸ್ವಲ್ಪ ಉಸಿರು ಬಿಟ್ಟು ಮುಂದೆ ಓದಿ.

ನನ್ನ ಹೆಸರು ಸುವಾರ್ತಾ. ಕಲಬುರಗಿಯ ಒಂದು ಶಾಲೆಯಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಕಲಿಸುತ್ತೇನೆ. ಗಂಡ ಯೋಹಾನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಬ್ಬಳೇ ಮಗಳು, ಬೀದರಿನಲ್ಲಿ ನರ್ಸಿಂಗ್ ಓದುತ್ತಾಳೆ. ಮನೆಯ ಸಂಸಾರ ಇಷ್ಟೇ. ಇದಕ್ಕಿಂತ ದೊಡ್ಡ ಸಂಸಾರ ಚರ್ಚಿನಲ್ಲಿತ್ತು. ಶುಕ್ರವಾರದ ಉಪವಾಸ ಪ್ರಾರ್ಥನೆ ನಡೆಸುವವಳು ನಾನು, ಸಂಡೇ ಸ್ಕೂಲು ನನ್ನದು, ಹಾಡಿನ ತಂಡ ನನ್ನದು. ಯಾರಾದರೂ ಹಡೆದರೆ ಅಂಟಿನುಂಡಿ ಕಟ್ಟಿಸಿ ಕಳಿಸುವವಳು ನಾನು, ಯಾರಾದರೂ ತೀರಿಹೋದರೆ ಹಾರ ತರಿಸುವವಳೂ ನಾನೇ. "ಸುವಾರ್ತಕ್ಕ ಅದಾರಲ್ಲ, ಫಿಕರ್ ಬ್ಯಾಡ" ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಹಬ್ಬದ ಊಟ ಮಾಡಿದಷ್ಟು ಖುಷಿಯಾಗುತ್ತಿತ್ತು. ಆ ವರ್ಷ ಹೆಂಗಸರ ಕೂಟದಲ್ಲಿ ನಾನು ತೆಗೆದುಕೊಂಡ ಪಾಠ ಯಾವುದು ಗೊತ್ತೇ? ಕ್ರಿಸ್ತನಲ್ಲಿ ವಿಶ್ರಾಂತಿ. ಆರು ವಾರ ಆ ಪಾಠ ಮಾಡಿದೆ, ಆರೂ ವಾರ ಪಾಠ ಮುಗಿಯುತ್ತಲೇ ಚಹಾದ ಪಾತ್ರೆ ತೊಳೆಯಲು ಓಡಿದೆ.

ಅತ್ತೆ ಸುಂದ್ರಮ್ಮ ಇರುವುದು ಕಮಲಾಪುರದಲ್ಲಿ. ಬಸ್ಸಿನಲ್ಲಿ ಒಂದು ತಾಸಿನ ದಾರಿ. ತಿಂಗಳಿಗೊಂದು ಭಾನುವಾರ ನಾವು ಅಲ್ಲಿಗೆ ಹೋಗಿ ಅಲ್ಲಿಯ ಸಣ್ಣ ಚರ್ಚಿನಲ್ಲಿ ಅವರ ಜೊತೆ ಕೂಡುತ್ತಿದ್ದೆವು. ಪಾಸ್ಟರ ಪ್ರಸಂಗ, ಅಂದರೆ ಉಪದೇಶ, ಶುರುವಾದ ಎರಡು ನಿಮಿಷಕ್ಕೆ ಅತ್ತೆಯ ತಲೆ ತೂಗತೊಡಗುತ್ತಿತ್ತು, ಐದು ನಿಮಿಷಕ್ಕೆ ಗೊರಕೆ. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತಿತ್ತು. ಮೊಣಕೈಯಿಂದ ಪಕ್ಕೆಗೆ ತಿವಿಯುತ್ತಿದ್ದೆ. "ಹಾಂ, ಆಮೆನ್" ಎಂದು ಎಚ್ಚರಾಗಿ, ಸೆರಗು ಸರಿಮಾಡಿಕೊಂಡು, ಮತ್ತೆ ನಿದ್ದೆ. ಮದುವೆಯಾದಾಗಿನಿಂದ ಇಪ್ಪತ್ತೆರಡು ವರ್ಷ ಹೀಗೆ ತಿವಿದಿದ್ದೇನೆ.

ಬೆನ್ನುನೋವು ಶುರುವಾದದ್ದು ದಸರಾ ರಜೆಯ ಹೊತ್ತಿಗೆ. ನಡುವಿಗಿಂತ ಸ್ವಲ್ಪ ಮೇಲೆ, ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದಂತೆ. ಮುಲಾಮು ತಿಕ್ಕಿದೆ, ಬಿಸಿನೀರಿನ ಶಾಖ ಕೊಟ್ಟೆ. ಹೋಗಲಿಲ್ಲ. ಒಂದು ಶುಕ್ರವಾರ ಉಪವಾಸ ಪ್ರಾರ್ಥನೆಯಲ್ಲಿ ಎಲ್ಲರೂ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮಾರನೇ ದಿನ ಓಣಿಯ ಡಾಕ್ಟರ ಹತ್ತಿರ ನೋವಿನ ಸೂಜಿಯನ್ನೂ ಮಾಡಿಸಿಕೊಂಡೆ. ಭಾನುವಾರ ಎದ್ದಾಗ ನೋವು ಮಾಯ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರಸಂಗಕ್ಕೆ ಮೊದಲು ಪಾಸ್ಟರು, ಸಾಕ್ಷಿ ಹೇಳುವವರು ಎದ್ದು ನಿಲ್ಲಿ ಎನ್ನುತ್ತಾರೆ. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುವುದೇ ಸಾಕ್ಷಿ. ನಾನು ಎದ್ದು ನಿಂತೆ. ಬಗ್ಗಿ ನೆಲ ಮುಟ್ಟಿ ತೋರಿಸಿದೆ. ಕರ್ತನು ನನ್ನನ್ನು ಪೂರ್ತಿ ಗುಣಪಡಿಸಿದನು ಎಂದೆ. ಇಡೀ ಸಭೆ ಚಪ್ಪಾಳೆ ತಟ್ಟಿ ಸ್ತೋತ್ರ ಹೇಳಿತು, ಇಬ್ಬರು ಮುದುಕಿಯರು ಅತ್ತರು. ಸೂಜಿಯ ವಿಷಯವನ್ನು ಮಾತ್ರ ನಾನು ನುಂಗಿಬಿಟ್ಟಿದ್ದೆ.

ಬುಧವಾರ ನೋವು ತಿರುಗಿ ಬಂತು.

ಇಲ್ಲಿಂದ ಮುಂದಿನದು ನನ್ನ ದಡ್ಡತನ. ನಮ್ಮಂಥ ಸಭೆಗಳಲ್ಲಿ ಬೆಳೆದವರಿಗೆ ಇದು ಅರ್ಥವಾಗುತ್ತದೆ, ಉಳಿದವರು ನಕ್ಕರೂ ಸರಿ. ಗುಣವಾದೆ ಎಂದು ನೂರು ಜನರೆದುರು ಸಾಕ್ಷಿ ಹೇಳಿದವಳು ನೋಯುತ್ತದೆ ಎಂದು ಹೇಗೆ ಹೇಳಬೇಕು? ಹೇಳಿದರೆ ದೇವರ ಹೆಸರಿಗೆ ಕುಂದಲ್ಲವೇ? ಹಾಗಾಗಿ ಯಾರು ಕೇಳಿದರೂ "ಸ್ತೋತ್ರ, ಆರಾಮದೀನ್ರಿ" ಎನ್ನತೊಡಗಿದೆ. ಸಂಜೆಯಾದರೆ ಸಣ್ಣ ಜ್ವರ. ರವಿಕೆಗಳು ಸಡಿಲವಾದವು. ನಿಂತು ಹಾಡುವಾಗ ಮುಂದಿನ ಬೆಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ. ಯೋಹಾನನಿಗೂ ಹೇಳಲಿಲ್ಲ. ಎರಡು ತಿಂಗಳು ಹೀಗೇ ಕಳೆದೆ.

ಕ್ರಿಸ್ಮಸ್ಸಿನ ಊಟಕ್ಕೆ ತೊಗರಿಬೇಳೆ ತರಲು ನೆಹರು ಗಂಜ್ ಮಾರುಕಟ್ಟೆಗೆ ಹೋದ ದಿನ ಇದು ಮುಗಿಯಿತು. ಅಂಗಡಿಯಿಂದ ಹೊರಟು ಹತ್ತು ಹೆಜ್ಜೆ ಹೋಗಿದ್ದೆನೇನೋ. ಹಿಂದಿನಿಂದ ಅಂಗಡಿಯ ಹಿರಿಯರು ಕೂಗಿದರು.

"ಬಾಯೀ, ಚಪ್ಲಿ ಇಲ್ಲೇ ಬಿಟ್ಟು ಹೊಂಟೀರಲ್ರಿ. ಒಂದೇ ಹಾಕ್ಕೊಂಡೀರಿ."

ಕೆಳಗೆ ನೋಡಿದೆ. ಎಡಗಾಲು ಬರಿಗಾಲು. ಚಪ್ಪಲಿ ಜಾರಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಕಾಲಿನ ಕೆಳಗೆ ಜಲ್ಲಿಕಲ್ಲು ಇತ್ತು, ಅದೂ ತಿಳಿದಿರಲಿಲ್ಲ. ಅಲ್ಲೇ ಬೇಳೆಯ ಚೀಲದ ಮೇಲೆ ಕೂತು ಯೋಹಾನನಿಗೆ ಫೋನ್ ಮಾಡಿದೆ.

ಅವರು ಡಿಪೋದ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಬಂದರು. ಆಟೋದಲ್ಲಿ ಎಲ್ಲವನ್ನೂ ಹೇಳಿದೆ, ಸೂಜಿಯನ್ನೂ ಬಿಡದೆ. ಅವರು ಕೈಯ ಗ್ರೀಸನ್ನು ಅಂಗಿಗೆ ಒರೆಸಿಕೊಂಡರು. ಆಮೇಲೆ "ಸಭಾಕ್ಕ ಹೇಳಬ್ಯಾಡಾಗಿತ್ತು, ನನಗರ ಹೇಳಬಾರದಾಗಿತ್ತೇನು?" ಎಂದರು.

ದೊಡ್ಡ ದವಾಖಾನೆಯಲ್ಲಿ ಸ್ಕ್ಯಾನ್ ಆಯಿತು. ವರದಿಗೆ ಕಾಯಬೇಕು. ಯೋಹಾನ ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಕೆಳಗೆ ಹೋಗಿದ್ದರು. ಕಬ್ಬಿಣದ ಬೆಂಚಿನ ಮೇಲೆ ನನಗೆ ಕೂತರೂ ನೋವು, ನಿಂತರೂ ನೋವು. ಪಕ್ಕದಲ್ಲಿ ಒಬ್ಬ ಹೆಂಗಸು, ಹಣೆಯ ತುಂಬ ವಿಭೂತಿ. ಕೋಟನೂರಿನವರಂತೆ, ಗಂಡನನ್ನು ಒಳಗೆ ಕರೆದೊಯ್ದಿದ್ದರು. ನನ್ನ ಒದ್ದಾಟವನ್ನು ಸ್ವಲ್ಪ ಹೊತ್ತು ನೋಡಿದರು.

"ಯಾಕವ್ವ ಹಂಗ ಬಿಗಿ ಹಿಡ್ಕೊಂಡು ಕುಂತೀದಿ? ಬಾ, ನನ್ನ ತೊಡಿ ಮ್ಯಾಲ ತಲಿ ಇಟ್ಟು ಮಕ್ಕೋ."

"ಬ್ಯಾಡ್ರಿ, ಮಂದಿ ನೋಡ್ತಾರ."

"ನೋಡ್ಲಿ ತೊಗೋ. ದವಾಖಾನ್ಯಾಗ ಎಂಥಾ ನಾಚಿಕಿ."

ಮಲಗಿದೆ. ಅವರು ತಲೆ ಸವರುತ್ತ, "ನಾ ಶರಣಬಸಪ್ಪಗ ಬೇಡ್ಕೊಂಡು ಬಂದೀನಿ. ನಿಂದೂ ಬೇಡ್ಕೋತೀನಿ, ಹೆಸರು ಹೇಳು" ಎಂದರು.

"ಸುವಾರ್ತಾ ಅಂತ್ರಿ. ನಾವು ಕ್ರಿಶ್ಚನ್ ಮಂದಿ."

"ಇರ್ಲಿ ಬಿಡು, ಅಪ್ಪಗ ತಿಳೀತದ."

ಹಿಂದೆಂದೂ ನೋಡಿರದ ಹೆಂಗಸಿನ ತೊಡೆಯ ಮೇಲೆ ನಾನು ನಿದ್ದೆ ಹೋದೆ. ಎರಡು ತಿಂಗಳಲ್ಲಿ ಹಲ್ಲು ಕಚ್ಚದೆ ಮಲಗಿದ್ದು ಅದೇ ಮೊದಲು. ನಾನು ಎಚ್ಚರಾದಾಗ ಯೋಹಾನ ಎದುರಿಗೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ಆಕೆಯ ಹೆಸರು ಕೇಳುವುದನ್ನು ಮರೆತೆ, ಇವತ್ತಿಗೂ ಅದೊಂದು ಬೇಸರ ಉಳಿದಿದೆ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. "ಬೆನ್ನೆಲುಬಿಗೆ ಟಿ.ಬಿ. ಆಗ್ಯಾದ್ರಿ. ಅಲ್ಲಿ ಕೀವು ಕಟ್ಟಿ ನರ ಒತ್ತಾಕತ್ಯಾದ. ಗುಳಿಗಿಗೆ ಬಗ್ಗೋ ಜಡ್ಡು ಇದು, ಅಂಜಬ್ಯಾಡ್ರಿ. ಖರೆ ಕಾಲಿನ ಶಕ್ತಿ ಪೂರ್ತಿ ಹೋತಂದ್ರ ತಿರುಗಿ ತರೋದು ಕಷ್ಟ. ಆರು ವಾರ ನೆಟ್ಟಗ ಮಕ್ಕೋಬೇಕು. ಊಟ, ಸ್ನಾನ, ಎಲ್ಲಾ ಮಕ್ಕೊಂಡೇ. ಆಮ್ಯಾಲ ಕಾಲು ನೋಡ್ತೀನಿ. ಸುಧಾರಿಸಿದ್ರ ಛಲೋ, ಇಲ್ಲಾಂದ್ರ ಆಪರೇಷನ್. ಅದಾದ ಮ್ಯಾಲೂ ನಡೀತೀರಿ ಅಂತ ನಾ ಮಾತು ಕೊಡಾಂಗಿಲ್ಲ."

"ನಡುವ ಒಂದೊಂದು ಸಲ ಎದ್ದು ಕುಂದ್ರಬಹುದೇನ್ರಿ?"

"ಕುಂದ್ರಬಾರದು."

ಎರಡು ತಿಂಗಳು ಮೊದಲೇ ಬಂದಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಯಾವಾಗ ಶುರುವಾಯಿತು ಎಂದು ಕೇಳಿ, ನನ್ನ ಉತ್ತರ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿದರು.

ಮನೆಯಲ್ಲಿ ನೋಡಿಕೊಳ್ಳುವವರು ಯಾರು? ಯೋಹಾನನಿಗೆ ಡ್ಯೂಟಿ, ಮಗಳಿಗೆ ಪರೀಕ್ಷೆ. ಅತ್ತೆ ಫೋನಿನಲ್ಲಿ ಒಂದೇ ಮಾತು ಹೇಳಿದರು, "ಇಲ್ಲಿಗಿ ಕರ್ಕೊಂಡು ಬಾ." ನನಗೆ ಕಾಯಿಲೆಗಿಂತ ಅದೇ ದೊಡ್ಡ ಶಿಕ್ಷೆ ಎನಿಸಿತು. ನಾವಿಬ್ಬರೂ ಜಗಳವಾಡಿದವರಲ್ಲ, ಆದರೆ ಒಬ್ಬರನ್ನೊಬ್ಬರು ಹೊಗಳಿದವರೂ ಅಲ್ಲ. ಆಂಬ್ಯುಲೆನ್ಸಿನಲ್ಲಿ ಕಮಲಾಪುರಕ್ಕೆ ಹೋದೆ. ಅತ್ತೆ ಹಿಂದಿನ ಕೋಣೆಯ ಹಳೆಯ ಬಾಗಿಲನ್ನು ಕಳಚಿಸಿ, ಮಂಚದ ಮೇಲೆ ಹಾಕಿ, ಅದರ ಮೇಲೆ ಎರಡು ಕೌದಿ ಹಾಸಿ ಇಟ್ಟಿದ್ದರು. ಬೆನ್ನು ಬಗ್ಗಬಾರದಲ್ಲ, ಅದಕ್ಕೆ. ಮುಂದೆ ಮೂರು ತಿಂಗಳು ನಾನು ಮಲಗಿದ್ದು ಆ ಬಾಗಿಲಿನ ಮೇಲೆ.

ಮೊದಲ ವಾರ ನಾನು ಮಲಗಿರಲಿಲ್ಲ, ಬೆನ್ನು ಮಾತ್ರ ಮಲಗಿತ್ತು. ಎದೆಯ ಮೇಲೆ ಫೋನು ಇಟ್ಟುಕೊಂಡು ಇಡೀ ಸಭೆಯನ್ನು ನಡೆಸಲು ನೋಡಿದೆ. ಯಾರು ಹಾಡಬೇಕು, ಯಾರು ಚಹಾ ಮಾಡಬೇಕು, ಮಕ್ಕಳ ಕ್ರಿಸ್ಮಸ್ ನಾಟಕದಲ್ಲಿ ಯಾರು ಕುರುಬರಾಗಬೇಕು. ಶುಕ್ರವಾರ ಸಂಜೆ ಹಾಡಿನ ತಂಡದ ಲೀಲಾಗೆ ಫೋನ್ ಮಾಡಿ, ಪ್ರಾರ್ಥನೆ ಹೇಗಾಯಿತು ಎಂದು ಕೇಳಿದೆ.

"ಭಾಳ ಛಲೋ ಆತ್ರಿ ಅಕ್ಕ. ಯಾವತ್ತಿಗಿಂತ ಮಂದಿ ಜಾಸ್ತಿ ಬಂದಿದ್ರು."

ನಾನು ಸ್ತೋತ್ರ ಎಂದೆ. ಫೋನ್ ಇಟ್ಟ ಮೇಲೆ ಅಳು ಬಂತು. ನಾನಿಲ್ಲದೆ ಅದು ಹೇಗೆ ಛಲೋ ಆಯಿತು? ಅತ್ತೆ ಒಲೆಯ ಮುಂದಿನಿಂದಲೇ ಕೇಳಿದರು, "ಏನಾತು, ನೋವೇನು?" ಹೌದು ಎಂದು ಸುಳ್ಳು ಹೇಳಿದೆ.

ಹೆಚ್ಚು ಕಷ್ಟದ್ದು ಉಳಿದ ಕೆಲಸಗಳು. ಮಲ ಮೂತ್ರಕ್ಕೆ ತಟ್ಟೆ ಇಡುವುದು, ಮೈ ಒರೆಸುವುದು, ತಲೆ ಬಾಚುವುದು, ಎಲ್ಲವನ್ನೂ ಆ ಎಪ್ಪತ್ತು ದಾಟಿದ ಹೆಂಗಸೇ ಮಾಡುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು. ಅವರಿಗೆ ಅದು ಪಾತ್ರೆ ತೊಳೆದಷ್ಟೇ ಸಹಜವಾಗಿತ್ತು. ಪ್ರತಿದಿನ ಬೆಳಿಗ್ಗೆ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು ನನ್ನ ಎಡಗಾಲಿನ ಅಂಗಾಲನ್ನು ಕೆರೆಯುತ್ತಿದ್ದರು.

"ಗೊತ್ತಾಗಾಕತ್ತದೇನು?"

"ಇಲ್ರಿ."

"ಇರ್ಲಿ. ನಾಳಿ ನೋಡಮು."

ಎರಡು ವಾರವಾಯಿತು, ಮೂರಾಯಿತು. ಇಲ್ರಿ, ಇರ್ಲಿ. ಆ ಕಡ್ಡಿ ಕಂಡರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ನಾಲ್ಕನೇ ವಾರ ಕಲಬುರಗಿಯಿಂದ ನಾಲ್ಕೈದು ಹೆಂಗಸರು ನೋಡಲು ಬಂದರು. ಪ್ರೀತಿಯಿಂದಲೇ ಬಂದಿದ್ದರು, ಕಿತ್ತಳೆ ತಂದಿದ್ದರು. ಹೊರಡುವಾಗ ಒಬ್ಬರು ನನ್ನ ಕೈ ಹಿಡಿದು, "ಅಕ್ಕ, ನೀವು ಸಾಕ್ಷಿ ಹೇಳಿದ್ರಲ್ಲ. ಆಮ್ಯಾಲ ಹಿಂಗ ಯಾಕಾತು? ವಿಶ್ವಾಸ ಕಮ್ಮಿ ಆತೇನ್ರಿ?" ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನೇ ಬೇರೆ ರೋಗಿಗಳಿಗೆ ಇದೇ ಮಾತನ್ನು ಕೇಳಿದ್ದೇನೆ. ಆದರೆ ಅದು ಎದೆಗೆ ನಾಟಿತು. ಅವರು ಹೋದರು, ಅತ್ತೆ ನೀರು ತರಲು ಹೊರಗೆ ಹೋದರು. ವಿಶ್ವಾಸವಿದ್ದರೆ ಏಳುತ್ತೇನೆ, ನೋಡೇಬಿಡೋಣ ಎಂದು ಮೊಣಕೈ ಊರಿದೆ. ಮೇಲೆದ್ದೆ. ಕಾಲುಗಳನ್ನು ಕೈಯಿಂದ ಎತ್ತಿ ಮಂಚದ ಕೆಳಗೆ ಇಳಿಬಿಟ್ಟೆ. ಬೆನ್ನೊಳಗೆ ಬೆಂಕಿ ಹರಿಯಿತು.

ಬಾಗಿಲಲ್ಲಿ ಕೊಡ ನೆಲಕ್ಕಿಟ್ಟ ಸದ್ದಾಯಿತು. ಅತ್ತೆ ಒಂದು ಮಾತೂ ಆಡದೆ ಬಂದು, ಒಂದು ಕೈ ಕುತ್ತಿಗೆಗೆ, ಒಂದು ಕೈ ಮೊಣಕಾಲಿನ ಕೆಳಗೆ ಕೊಟ್ಟು, ನನ್ನನ್ನು ಎಳೆಗೂಸಿನಂತೆ ತಿರುಗಿಸಿ ಮಲಗಿಸಿದರು. ಆಮೇಲೆ ವಿಚಾರಣೆ ಶುರುವಾಯಿತು.

"ಯಾಕ ಎದ್ದಿ?"

ಹೇಳಿದೆ. ಸಾಕ್ಷಿ, ಸೂಜಿ, ಎರಡು ತಿಂಗಳ ಸುಳ್ಳು, ದೇವರ ಹೆಸರಿಗೆ ಬರುವ ಕುಂದು, ಎಲ್ಲವನ್ನೂ ಅಳುತ್ತಲೇ ಹೇಳಿದೆ.

"ದೇವರ ಮಾನ ಕಾಯಾಕ ನೀ ಯಾರವ್ವ?" ಎಂದರು ಅತ್ತೆ. "ಆಕಾಶ ಭೂಮಿ ಹೊತ್ಕೊಂಡು ನಿಂತಾಂವಗ ನಿನ್ನ ಬೆನ್ನಿನ ಆಸರ ಬೇಕೇನು? ಅಂವನ್ನ ಹೊತ್ತು ಹೊತ್ತೇ ನಿನ್ನ ಎಲುಬು ಸವದಾವ."

ಅವರು ಕೆಳಗೆ ಕೂತು ಮಂಚಕ್ಕೆ ಒರಗಿದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಮಾತಷ್ಟೇ ಕೇಳುತ್ತಿತ್ತು.

"ನಿಮ್ಮ ಮಾವ ಹೋದ ಮ್ಯಾಲ ನಾ ಬಾಳಿ ತೋಟದಾಗ ಗೊನಿ ಹೊತ್ತೀನಿ. ಈ ಊರ ಕೆಂಪು ಬಾಳಿ ಅಂದ್ರ ಎಲ್ಲಾರಿಗೂ ರುಚಿ, ಗೊನಿ ಹೊತ್ತಾಕಿಗಿ ಗೊತ್ತು ಅದರ ಭಾರ. ವಾರದಾಗ ಆರು ದಿನ, ತೋಟದಾಗ ಚೂರು ಕುಂತ್ರ ಮುಕಾದಮ ಏಳು ಅಂತಿದ್ದ. ಮನಿಗಿ ಬಂದ್ರ ಮಕ್ಕಳು ಏಳವ್ವ ಅಂತಿದ್ರು. ಐತವಾರ ಗುಡ್ಯಾಗ ಕುಂತ್ರ ಯಾರೂ ಏಳು ಅಂತಿರಲಿಲ್ಲ. ಪಾಸ್ಟರು ಏನು ಹೇಳ್ತಿದ್ರೋ, ನನಗ ಓದಾಕ ಬರಾಂಗಿಲ್ಲ, ಅರ್ಧ ತಿಳೀತಿರಲಿಲ್ಲ. ಭಾರ ಹೊತ್ತೋರು ಬರ್ರಿ ಅಂತ ಅಂವ ಕರದಾನ ಅನ್ನೋದೊಂದು ತಿಳದಿತ್ತು. ಕರದಾನಂದ್ರ ಹೋಗಿ ಮಕ್ಕೊಂಡೆ. ತಂದಿ ಮನ್ಯಾಗ ಮಗಳು ಮಕ್ಕೊಂಡ್ರ ತಂದಿ ಎಬ್ಬಿಸ್ತಾನೇನು?"

ಆಮೇಲೆ ಹೇಳಿದರು, "ನೀ ಎಬ್ಬಿಸ್ತಿದ್ದಿ."

ಚರ್ಚಿಗೆ ಅತ್ತೆ ಗುಡಿ ಎಂದೇ ಅನ್ನುವುದು. ಇಪ್ಪತ್ತೆರಡು ವರ್ಷ ನಾನು ಆ ಪಕ್ಕೆಗೆ ತಿವಿದದ್ದು ಒಂದೊಂದೂ ನೆನಪಾಯಿತು. ಕೈ ಚಾಚಿದೆ, ಅವರ ತಲೆ ಸಿಕ್ಕಿತು. ತಪ್ಪಾಯಿತು ಎಂದೆ. "ಆತು ತೊಗೋ. ಈಗ ಸುಮ್ಮ ಮಕ್ಕೋ" ಎಂದು ಅಡಿಗೆಗೆ ಎದ್ದರು.

ಆ ವಾರ ನಮ್ಮ ಕಲಬುರಗಿಯ ಪಾಸ್ಟರು ಬಂದಾಗ ಅವರಿಗೂ ಸೂಜಿಯ ವಿಷಯ ಹೇಳಿ, ನನ್ನ ಸಾಕ್ಷಿ ತಿದ್ದಬೇಕೆಂದು ಕೇಳಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಾಗಿಲ ಬಳಿ ಯಾರಾದರೂ ಇದ್ದಾರೆಯೇ ನೋಡಿ, ಜೇಬಿನಿಂದ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದು ತೋರಿಸಿದರು.

"ನಾಕು ವರ್ಷದಿಂದ ತೊಗೋತೀನಿ ಸುವಾರ್ತಮ್ಮ. ಪುಲ್ಪಿಟ್ ಮ್ಯಾಲ ಒಂದಿನ ಹೇಳಿಲ್ಲ. ಈ ಐತವಾರ ನಿಮ್ಮದೂ ಹೇಳ್ತೀನಿ, ನಂದೂ ಹೇಳ್ತೀನಿ."

ಇಬ್ಬರೂ ನಕ್ಕೆವು. ನಗುವಾಗ ಬೆನ್ನು ನೋಯಿತು. ಹೋಗುವ ಮುಂಚೆ ಅವರೊಂದು ಮಾತು ಹೇಳಿದರು. ದೇವರು ಮನುಷ್ಯನನ್ನು ಮಾಡಿದ್ದು ಆರನೇ ದಿನ, ವಿಶ್ರಾಂತಿ ಏಳನೇ ದಿನ. ಅಂದರೆ ಮನುಷ್ಯ ಇನ್ನೂ ಒಂದು ಕೆಲಸವನ್ನೂ ಮಾಡಿರಲಿಲ್ಲ, ಆಗಲೇ ವಿಶ್ರಾಂತಿ. ನಾನು ಮೇಷ್ಟ್ರಮ್ಮ, ನನಗೆ ಅದು ತಕ್ಷಣ ತಿಳಿಯಿತು. ಮಗುವಿನ ಹೆಸರನ್ನು ಶಾಲೆಗೆ ಹಚ್ಚಿದ ಮಾರನೇ ದಿನವೇ ರಜೆ ಕೊಟ್ಟ ಹಾಗೆ. ಆರು ವಾರದ ನನ್ನ ಪಾಠದಲ್ಲಿ ನಾನು ಇದನ್ನೇ ಹೇಳಿರಲಿಲ್ಲ. ಕೆಲಸ ಮುಗಿಸಿ ದಣಿದವರಿಗೆ ದೇವರು ಕೊಡುವ ಬಹುಮಾನವೇ ವಿಶ್ರಾಂತಿ ಎಂದು ಕಲಿಸಿದ್ದೆ. ನನ್ನ ಕೆಲಸವೋ ಮುಗಿಯುವಂಥದ್ದಲ್ಲ.

ಆಮೇಲೆ ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಒಮ್ಮೆಗೇ ಏನೂ ಶಾಂತಿ ಬಂದುಬಿಡಲಿಲ್ಲ. ನಡೆಯದೇ ಹೋದರೆ ಹೇಗೆ ಎಂಬ ಭಯ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಬಂದಾಗ ಹೇಳುತ್ತಿದ್ದೆ, ಅಪ್ಪಾ, ನನಗೆ ಅಂಜಿಕೆಯಾಗುತ್ತದೆ, ಹೀಗೇ ಮಲಗಿರುತ್ತೇನೆ, ನೀನು ಎಚ್ಚರವಿರು. ನನ್ನ ಪ್ರಾರ್ಥನೆ ಅಷ್ಟಕ್ಕೇ ಇಳಿದಿತ್ತು. ಹಿಂದೆ ಒಂದು ತಾಸು ಪ್ರಾರ್ಥಿಸಿದರೂ ಸಿಗದ ನಿದ್ದೆ ಅದರಿಂದ ಸಿಗುತ್ತಿತ್ತು. ರಸ್ತೆಯಲ್ಲಿ ಬಾಳೆಗೊನೆಯ ಟೆಂಪೋಗಳು ಹೋಗುವ ಸದ್ದು ಕೇಳುತ್ತ ಹಗಲಲ್ಲೂ ಮಲಗುತ್ತಿದ್ದೆ.

ಆರನೇ ವಾರದ ಪರೀಕ್ಷೆಗೆ ಮೂರು ದಿನ ಉಳಿದಿತ್ತು. ಬೆಳಿಗ್ಗೆ ಅತ್ತೆ ಎಂದಿನಂತೆ ಕಡ್ಡಿ ಹಿಡಿದು ಬಂದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ಗೊತ್ತಾಗಾಕ..."

ಅವರ ಮಾತು ಮುಗಿಯುವ ಮೊದಲೇ ನನ್ನ ಕಾಲು ಒದ್ದಿತು. ಕಚಗುಳಿ. ಕಡ್ಡಿ ಹಾರಿ ಎಲ್ಲೋ ಬಿತ್ತು. ಅತ್ತೆ ಎರಡೂ ಕೈಯಿಂದ ನನ್ನ ಪಾದ ಹಿಡಿದುಕೊಂಡು, "ಇನ್ನೊಮ್ಮಿ ಒದಿ ನೋಡಮು" ಎಂದರು. ಒದ್ದೆ. "ಅತ್ತಿಗಿ ಒದಿಯೋ ಸೊಸಿ" ಎಂದು ನಗುತ್ತ ನನ್ನ ಪಾದಕ್ಕೆ ಹಣೆ ಹಚ್ಚಿ ಅತ್ತರು. ಆಪರೇಷನ್ ಬೇಡ ಎಂದು ಡಾಕ್ಟರು ಹೇಳಿದ್ದು ಆಮೇಲೆ. ನನಗೆ ಆ ಬೆಳಿಗ್ಗೆಯೇ ಗೊತ್ತಾಗಿತ್ತು.

ಇನ್ನೂ ಆರು ವಾರ ಮಲಗಿದ್ದಾಯಿತು. ಬೆಲ್ಟ್ ಕಟ್ಟಿ ಕೂಡಿಸಿದರು, ಆಮೇಲೆ ಯೋಹಾನನ ಹೆಗಲು ಹಿಡಿದು ನಾಲ್ಕು ಹೆಜ್ಜೆ. ಗುಳಿಗೆ ಇನ್ನೂ ಕೆಲವು ತಿಂಗಳು ಇದೆ. ಅದನ್ನು ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಆದರೂ ಒಂದು ದಿನ ತಪ್ಪಿಸಿಲ್ಲ.

ನಾನು ನನ್ನ ಕಾಲಿನ ಮೇಲೆ ನಡೆದು ಕಮಲಾಪುರದ ಚರ್ಚಿಗೆ ಹೋದ ಮೊದಲ ಭಾನುವಾರ ಎಲ್ಲರೂ ತಿರುಗಿ ತಿರುಗಿ ನೋಡಿದರು. ಅಂದು ಎದ್ದು ನಿಂತು ಹೇಳಬೇಕೆಂದು ಒಂದು ವಾರದಿಂದ ಮಾತು ಜೋಡಿಸಿಟ್ಟಿದ್ದೆ. ಸೂಜಿ, ಗುಳಿಗೆ, ಡಾಕ್ಟರು, ಕೋಟನೂರಿನ ಆ ತಾಯಿ, ಒಂದನ್ನೂ ಬಿಡದೆ. ಎದ್ದು ನಿಲ್ಲುತ್ತೇನೆ ಎಂಬುದೇ ದೊಡ್ಡ ಸಾಕ್ಷಿ ಅಲ್ಲವೇ. ಆದರೆ ಆ ದಿನ ಹಾಡುಗಳು ಉದ್ದವಾದವು. ಪ್ರಸಂಗದವರೆಗೂ ಕಾಯದೆ ಅತ್ತೆಯ ತಲೆ ತೂಗಿ ತೂಗಿ, ನನ್ನ ಹೆಗಲಿಗೆ ಬಂದು ನಿಂತಿತು. ಮೂರು ತಿಂಗಳು ನನ್ನನ್ನು ಎತ್ತಿ ಮಲಗಿಸಿದ ಜೀವ, ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿತ್ತು.

"ಸುವಾರ್ತಮ್ಮ ಬಂದಾರ" ಎಂದರು ಅಲ್ಲಿಯ ಪಾಸ್ಟರು. "ಎದ್ದು ನಿಂತು ಸಾಕ್ಷಿ ಹೇಳ್ತೀರೇನ್ರಿ?"

ಇಡೀ ಸಭೆ ನನ್ನ ಕಾಲುಗಳನ್ನು ನೋಡುತ್ತಿತ್ತು. ನಾನು ಹೆಗಲ ಕಡೆ ತೋರಿಸಿ, ತುಟಿಯ ಮೇಲೆ ಬೆರಳಿಟ್ಟೆ.

"ಈಗ ಏಳಾಕ ಬರಾಂಗಿಲ್ರಿ" ಎಂದು ಮೆಲ್ಲಗೆ ಹೇಳಿ, ಹಾಗೇ ಕೂತೆ.